ಹಳೀ ಗಾಡಿ ನೋಡೂ ಮುಂದ ಹಾಳಿ ಓದ್ರಿ

ಮಾನ್ವಿಯಾಗ ಇರೋ ನನ್ನ ತಮ್ಮಗ ಒಂದು ಗಾಡಿ ಬೇಕಾಗಿತ್ತು. ಷೋಕಿಗಲ್ಲ. ಅಪ್ಪಗ ಹೋದ ವರ್ಷ ಲಕ್ವಾ ಹೊಡದು ಎಡಗೈ, ಎಡಗಾಲು ಬಿದ್ದಾವ. ವಾರಕ್ಕ ಎರಡು ಸಲ ರಾಯಚೂರಿಗೆ ಫಿಜಿಯೋಥೆರಪಿಗೆ ಕರಕೊಂಡು ಬರಬೇಕು. ಬಸ್ಸಿನ ಪಾವಟಿಗಿ ಹತ್ತಾಕ ಆಗಂಗಿಲ್ಲ. ಪ್ರತಿ ಸಲ ಬಾಡಿಗಿ ಗಾಡಿ ಮಾಡಿ ಮಾಡಿ ಸಾಕಾಗಿ, ಅವ್ವ ಒಂದಿನ ತನ್ನ ಬಂಗಾರದ ಪಾಟ್ಲಿ ತಂದು ನಮ್ಮ ಮುಂದ ಇಟ್ಟಳು. ಅದಕ್ಕ ಈ ಸಲದ ಭತ್ತದ ರೊಕ್ಕ ಕೂಡಿಸಿದ್ರ ಮೂರೂವರಿ ಲಕ್ಷ. ಹೊಸಾದು ಬರಂಗಿಲ್ಲ, ಹಳೀದೇ ಆಗಬೇಕು. ಪಾಟ್ಲಿ ಹೋಗಿ ಬರೋ ಗಾಡಿ, ಬ್ಯಾಸಿಗಿ ಬಿಸಲಾಗ ಅಪ್ಪನ್ನ ಕುಂದರಿಸಿಕೊಂಡು ನಡುದಾರ್ಯಾಗ ನಿಲ್ಲಬಾರದು. ಇಷ್ಟೇ ನಮ್ಮ ಬೇಡಿಕಿ.

ಗಾಡಿ ನೋಡಾಕ ಹೊಂಟಾಗ ನಮ್ಮ ಮನಿ ಗಂಡಸ್ರು ಮಾಡೋದು ನೋಡಿದ್ರ ನಗಿ ಬರ್ತೈತಿ. ಒಬ್ರು ಬಾನೆಟ್ ಎತ್ತತಾರ, ಒಬ್ರು ಟೈರಿಗೆ ಒದೀತಾರ, ಇನ್ನೊಬ್ರು "ಸ್ಟಾರ್ಟ್ ಮಾಡು, ರೇಸ್ ಮಾಡು" ಅಂತ ಕಣ್ಣು ಮುಚ್ಚಿ ಸಪ್ಪಳ ಕೇಳ್ತಾರ, ಸಂಗೀತ ಕಚೇರಿಗೆ ಬಂದೋರಂಗ. ಬ್ರೋಕರ್ ಬಾಜೂಕ ನಿಂತು ಒಂದೇ ಮಂತ್ರ: "ಡಾಕ್ಟರ್ ಗಾಡಿರೀ, ಸಿಂಗಲ್ ಓನರ್, ಒಂದು ಗೀರಿಲ್ಲ." ನಾ ಅಲ್ಲಿ ಕೇಳಿದ್ದು ಒಂದೇ ಮಾತು: "ಹಾಳಿ ಎಲ್ಲಿ ಅದಾವ?" ಅವ ಆರ್‌ಸಿ ತೋರಿಸಿದ. "ಇದಲ್ಲಪ, ಇಷ್ಟು ವರ್ಷದಾಗ ಈ ಗಾಡಿನ ಯಾರ್ಯಾರು ಬಿಚ್ಚಿ ನೋಡ್ಯಾರ, ಅದರ ಹಾಳಿ" ಅಂದೆ. ಅವಗ ನಾ ಏನು ಕೇಳಾಕತ್ತೀನಿ ಅಂತ ತಿಳಿಲಿಲ್ಲ. ನನ್ನ ತಮ್ಮಗೂ ತಿಳಿಲಿಲ್ಲ.

ತಿಳೀದಿರೋದು ಅವರ ತಪ್ಪಲ್ಲ. ನಮ್ಮ ದೇಶದಾಗ ಬಿಳೇ ಬೋರ್ಡಿನ ಗಾಡಿಗೆ ತಪಾಸಣೆಯ ಚರಿತ್ರೆ ಅನ್ನೋದೇ ಇಲ್ಲ. ಸ್ವಂತದ ಕಾರಿಗೆ ರಿಜಿಸ್ಟ್ರೇಷನ್ ಒಮ್ಮೆ ಆತಂದ್ರ 15 ವರ್ಷ ನಡೀತೈತಿ. ಆ 15 ವರ್ಷದಾಗ ಬ್ರೇಕ್ ಹಿಡೀತೈತೋ ಇಲ್ಲೋ, ಸ್ಟೇರಿಂಗ್ ಅಲ್ಲಾಡ್ತೈತೋ ಇಲ್ಲೋ ಅಂತ ಸರ್ಕಾರದವರು ಒಮ್ಮೆನೂ ಕರದು ನೋಡಂಗಿಲ್ಲ. 15 ತುಂಬಿದ ಮ್ಯಾಲ ಆರ್‌ಟಿಓಕ್ಕ ಒಯ್ದು ತೋರಿಸಿ ಐದೈದು ವರ್ಷಕ್ಕ ಮುಂದುವರಿಸಬೇಕು. ಅದರ ಫೀಸು 2022ರ ಏಪ್ರಿಲ್‌ನಿಂದ 600 ಇದ್ದದ್ದು 5,000 ಆಗಿತ್ತು. ನಡುವ ಇರೋದು ಹೊಗಿ ಸರ್ಟಿಫಿಕೇಟ್ ಒಂದೇ. ಅದರಾಗ ಹೊಗಿ ಲೆಕ್ಕ ಇರ್ತೈತಿ, ಗಾಡಿ ಎಷ್ಟು ಓಡೈತಿ ಅನ್ನೋದು ಇರಂಗಿಲ್ಲ.

ಫೋನಿನ್ಯಾಗ ಎಂಪರಿವಾಹನ ಆ್ಯಪ್‌ಗೆ ನಂಬರ್ ಹಾಕಿದ್ರ ಎಲ್ಲಾ ಬರ್ತೈತಿ ಅಂತಾರ. ಬರ್ತೈತಿ, ಖರೇ. ರಿಜಿಸ್ಟರ್ ಆದ ದಿನ, ಇನ್ಶೂರೆನ್ಸ್ ಯಾವತ್ತಿನ ತನಕ, ಹೊಗಿ ಸರ್ಟಿಫಿಕೇಟ್ ಯಾವತ್ತಿನ ತನಕ, ಎಲ್ಲಾ ಇವತ್ತಿನ ಲೆಕ್ಕ. ನಿನ್ನಿ ಏನಾಗಿತ್ತು ಅನ್ನೋದು ಅದರಾಗ ಇಲ್ಲ.

ಇಂಗ್ಲೆಂಡಿನ್ಯಾಗ ಇರೋ ನಮ್ಮ ಅಕ್ಕನ ಮಗ ಹಳೀ ಕಾರು ತಗೊಂಡಾಗ ಹೇಳಿದ್ದು ಕೇಳಿ ನನಗ ಹೊಟ್ಟಿಕಿಚ್ಚಾಗಿತ್ತು. ಅಲ್ಲಿ ಮೂರು ವರ್ಷ ದಾಟಿದ ಕಾರನ್ನ ವರ್ಷಕ್ಕೊಮ್ಮೆ ತಪಾಸಣಿಗೆ ಒಯ್ಯಲೇಬೇಕು, ಎಂಓಟಿ ಅಂತಾರ. ಪಾಸೋ ಫೇಲೋ, ಮೀಟರಿನ್ಯಾಗ ಎಷ್ಟು ಇತ್ತು, ಏನು ಸವದೈತಿ ಅನ್ನೋದು ಎಲ್ಲಾ ಸರ್ಕಾರದ ಜಾಲತಾಣದಾಗ ಇರ್ತೈತಿ. ನಂಬರ್ ಹಾಕಿ ಯಾರು ಬೇಕಾದ್ರೂ ಪುಕ್ಕಟ ನೋಡಬಹುದು. ಫೇಲ್ ಆಗದಿದ್ರೂ "ಮುಂದಿನ ಟೈರು ಸವೀಲಿಕತ್ತಾವ, ಲಕ್ಷ್ಯ ಇಡ್ರಿ" ಅಂತ ಸೂಚನಾ ಬರೀತಾರಂತ. ನಮ್ಮ ಹುಡುಗ ತಗೊಂಡ ಕಾರು ಎರಡು ಸಲ ಫೇಲ್ ಆಗಿತ್ತು. "ಫೇಲ್ ಆದದ್ದು ಯಾಕ ತಗೊಂಡ್ಯೋ?" ಅಂತ ಕೇಳಿದ್ರ, "ದೊಡ್ಡವ್ವ, ಫೇಲ್ ಆದ ವಾರದಾಗ ರಿಪೇರಿ ಮಾಡಿಸಿ ಮತ್ತ ಪಾಸ್ ಮಾಡಿಸ್ಯಾನ. ಸೂಚನಾ ಬರದದ್ದು ಮರುವರ್ಷ ಮತ್ತ ಬಂದಿಲ್ಲ. ಅಂದ್ರ ಆ ಮನಷ್ಯಾ ಹೇಳಿದ್ದು ಕೇಳ್ಯಾನ" ಅಂದ.

ನಾ ಅವತ್ತಿಂದ ಹಳೀ ಗಾಡಿ ವಿಚಾರದಾಗ ಒಂದು ಮಾತಿಗೆ ಗಟ್ಟಿ ನಿಂತೀನಿ. ರೋಗ ಬರದಿರೋ ಚೊಕ್ಕ ಹಾಳಿಕಿಂತ, ರೋಗ ಬರದು ಔಷಧ ಬರದಿರೋ ಮಾಸಿದ ಹಾಳಿ ಬೇಸು. ದವಾಖಾನಿ ಚೀಟಿ ಒಂದೂ ಇಲ್ಲಂದ್ರ ಅರವತ್ತು ವರ್ಷದ ಮನಷ್ಯಾಗ ಬಿಪಿ ಇಲ್ಲ ಅಂತ ಅಲ್ಲ, ಅವ ತೋರಿಸಿಲ್ಲ ಅಂತ. ನಮ್ಮ ಅಪ್ಪನ ಕತಿನೂ ಅದೇ ಆತು.

ಅಪ್ಪ ಎತ್ತು ತರಾಕ ಸಂತಿಗೆ ಹೋದಾಗ ಹಲ್ಲು ನೋಡ್ತಿದ್ದ, ನೊಗಕ್ಕ ಹೂಡಿ ನಡಿಸ್ತಿದ್ದ. ಅದೆಲ್ಲಾ ಆದ ಮ್ಯಾಲ ಕಡೀಕ ಕೇಳೋ ಮಾತು ಮಾತ್ರ ಬ್ಯಾರೆ: "ಯಾರ ಹೊಲದಾಗ ದುಡದಾವ?" ಎರಿ ಹೊಲದಾಗ ದುಡದ ಎತ್ತು ಬ್ಯಾರೆ, ಮಸಾರಿಯಾಗ ದುಡದ ಎತ್ತು ಬ್ಯಾರೆ. ಗಾಡಿಗೂ ಇದೇ ಪ್ರಶ್ನಿ ಕೇಳಬೇಕು ಅಂತ ನನ್ನ ವಾದ.

ಆ "ಡಾಕ್ಟರ್ ಗಾಡಿ" ಸುದ್ದಿಗೆ ಬರ್ತೀನಿ. ರಾಯಚೂರು ಊರಾಗಿಂದು, ಕೆಎ 36 ನಂಬರ್, 2016ರದ್ದು. ಮೀಟರಿನ್ಯಾಗ 41 ಸಾವಿರ. ಬಣ್ಣ ಹಾಲಿನಂಗ. ತಮ್ಮ ನೋಡಿದ ಕೂಡ್ಲೇ ಮನಸ್ಸು ಕೊಟ್ಟಿದ್ದ. ಡ್ಯಾಶ್‌ಬೋರ್ಡಿನ ಖಾನ್ಯಾಗ ಕಂಪನಿ ಕೊಟ್ಟ ಪುಸ್ತಕ ಇತ್ತು. ಅದರ ಹಿಂದ ಮೂರು ಪುಕ್ಕಟ ಸರ್ವಿಸಿನ ಕೂಪನ್ ಮುದ್ರಿ ಹಾಕಿದ್ವು. ಮೂರನೇದ್ದು ಗಾಡಿ ತಗೊಂಡ ಐದು ತಿಂಗಳಿಗೆ, 9,900 ಕಿಲೋಮೀಟರಿಗೆ. ಅದರ ಮುಂದಿನ ಹಾಳಿ ಎಲ್ಲಾ ಖಾಲಿ.

ಲೆಕ್ಕ ಹಾಕ್ರಿ. ಐದು ತಿಂಗಳಿಗೆ ಹತ್ತು ಸಾವಿರದ ಹತ್ರ ಅಂದ್ರ ತಿಂಗಳಿಗೆ ಎರಡು ಸಾವಿರ, ವರ್ಷಕ್ಕ 24 ಸಾವಿರ. ಹಿಂಗ ಓಡೋ ಗಾಡಿ ಒಮ್ಮಿಂದೊಮ್ಮೆ ಸನ್ಯಾಸ ತಗೊಂಡು ಉಳದ ವರ್ಷ ಎಲ್ಲಾ ಕೂಡಿ 31 ಸಾವಿರ ಓಡೈತಿ ಅಂದ್ರ ನಂಬಬೇಕಾ? ಮಾಲಕ ವಾರ ವಾರ ಮಾನ್ವಿಗೆ ಹೋಗಿ ಪೇಶಂಟ್ ನೋಡ್ತಿದ್ರಂತ, ಬ್ರೋಕರನೇ ಹೆಮ್ಮಿಲೆ ಹೇಳಿದ. ಮಾನ್ವಿಗೆ ಹೋಗಿ ಬಂದ್ರ ನೂರರ ಹತ್ರ ಹತ್ರ ಆಗ್ತೈತಿ. ವಾರಕ್ಕ ಎರಡು ಸಲ ಅಂದ್ರೂ ವರ್ಷಕ್ಕ ಹತ್ತು ಸಾವಿರ ಆ ದಾರಿಗೇ ಹೋತು. ಮೀಟರು ತಿರಗಿಸ್ಯಾರ ಅಂತ ನಾ ಆಣಿ ಮಾಡಿ ಹೇಳಂಗಿಲ್ಲ. ಲೆಕ್ಕ ಕೂಡಂಗಿಲ್ಲ, ಅಷ್ಟೇ ಹೇಳ್ತೀನಿ.

ಹಾಳಿ ಇಲ್ಲದ ಕಡಿ ಗಾಡಿ ಮೈಮ್ಯಾಲೇ ಬರದಿರ್ತೈತಿ. ಟೈರಿನ ಬಾಜೂಕ ನಾಕು ಅಂಕಿ ಇರ್ತಾವ, ಮೊದಲೆರಡು ವಾರ, ಕಡಿ ಎರಡು ವರ್ಷ. 2319 ಅಂದ್ರ 2019ರ 23ನೇ ವಾರದಾಗ ಮಾಡಿದ್ದು. ಈ ಗಾಡಿ ನಾಕೂ ಟೈರು ಹೊಸವು, ಸ್ಟೆಪ್ನಿ ಮಾತ್ರ 2016ರದ್ದು, ಅಂಗೈಯಂಗ ಸಾಪಾಗಿತ್ತು. ಗಾಜಿನ ಮೂಲ್ಯಾಗೂ ಮಾಡಿದ ವರ್ಷದ ಗುರುತು ಇರ್ತೈತಿ. ಬಾಗಲದ ಗಾಜು ಎಲ್ಲಾ ಗಾಡಿ ಹುಟ್ಟಿದ ವರ್ಷದವು, ಮುಂದಿನ ದೊಡ್ಡ ಗಾಜು 2021ರದ್ದು. ಗಾಜು ಒಡೆಯೋದು ದೊಡ್ಡ ಅಪರಾಧ ಅಲ್ಲ, ನಮ್ಮ ರೋಡಿನ್ಯಾಗ ಟಿಪ್ಪರ್ ಹಿಂದ ಹೊಂಟ್ರ ಒಂದು ಕಲ್ಲು ಸಾಕು. ಆದ್ರ "ಒಂದು ಗೀರಿಲ್ಲ" ಅಂದ ಬಾಯಿ ಈ ಗಾಜಿನ ಸುದ್ದಿ ಯಾಕ ಎತ್ತಲಿಲ್ಲ? ಕ್ಲಚ್ ಪೆಡಲ್ಲಿನ ರಬ್ಬರು ಸವದು ಗೆರಿ ಅಳಸಿ ಹೋಗಿತ್ತು. 41 ಸಾವಿರಕ್ಕ ಅಷ್ಟು ಸವಿಯಂಗಿಲ್ಲ ಅಂತ ನಮ್ಮ ಮಿಸ್ತ್ರಿನೂ ಅಂದ.

ಇನ್ಶೂರೆನ್ಸಿನ ಹಾಳಿ ಓದೋದು ನಾ ಕಲ್ತದ್ದು ನಮ್ಮ ಮನಿಯವರ ಗಾಡಿಯಿಂದ. ಕ್ಲೇಮ್ ಮಾಡದಿದ್ರ ವರ್ಷ ವರ್ಷ ಬೋನಸ್ ಏರ್ತೈತಿ: 20, 25, 35, 45, ಐದು ವರ್ಷಕ್ಕ 50. ಪಾಲಿಸ್ಯಾಗ ಎನ್‌ಸಿಬಿ ಅಂತ ಬರದಿರ್ತಾರ. ಹತ್ತು ವರ್ಷದ ಗಾಡಿಗೆ ಎನ್‌ಸಿಬಿ ಸೊನ್ನಿ ಇತ್ತಂದ್ರ, ಒಂದೋ ಹೋದ ವರ್ಷ ಕ್ಲೇಮ್ ಆಗೈತಿ, ಇಲ್ಲಾ ಪಾಲಿಸಿ 90 ದಿನದ ಮ್ಯಾಲ ಹರದು ಬಿದ್ದಿತ್ತು. ಯಾವುದು ಅಂತ ಕೇಳ್ರಿ. ಜನ ಕ್ಲೇಮ್ ಅಂದ ಕೂಡ್ಲೇ ಹೆದರಿ ಹಿಂದ ಸರೀತಾರ. ನನಗ ಕ್ಲೇಮ್ ಕಂಡ್ರ ಧೈರ್ಯ ಬರ್ತೈತಿ. ಕ್ಲೇಮ್ ಆಗೈತಿ ಅಂದ್ರ ಸರ್ವೇಯರ್ ಬಂದು ನೋಡ್ಯಾನ, ಏನೇನು ಬದಲಿ ಮಾಡ್ಯಾರ ಅಂತ ಪಟ್ಟಿ ಐತಿ, ಬಿಲ್ ಐತಿ. ಹೆದರಬೇಕಾದ್ದು ಬರೇ ಥರ್ಡ್ ಪಾರ್ಟಿ ಪಾಲಿಸಿ ಮ್ಯಾಲ ಓಡಿದ ಗಾಡಿಗೆ. ಅದು ಗೋಡಿಗೆ ಗುದ್ದಿದ್ರೂ ಟಿಂಕರಿಂಗ್‌ದವ ಬಡದು ಬಣ್ಣ ಹಚ್ಚಿ ಕೊಟ್ಟಿರ್ತಾನ, ಎಲ್ಲೂ ಒಂದಕ್ಷರ ಇರಂಗಿಲ್ಲ. ಆ ಡಾಕ್ಟರ್ ಗಾಡಿದು ಹೋದ ನಾಕು ವರ್ಷದ ಪಾಲಿಸಿ ಬರೇ ಥರ್ಡ್ ಪಾರ್ಟಿ. ಮೂರು ಲಕ್ಷ ನಲವತ್ತು ಸಾವಿರ ಹೇಳ್ಯಾರ, ತಮ್ಮ ಕೊಡಾಕ ತಯಾರಾಗಿದ್ದ. ನಾ ಬ್ಯಾಡ ಅಂದೆ. ಎರಡು ದಿನ ನನ್ನ ಜೋಡಿ ಮಾತಾಡಲಿಲ್ಲ.

"ಸಿಂಗಲ್ ಓನರ್" ಅನ್ನೋ ಮಾತಿಗೂ ಒಂದು ಸುದ್ದಿ ಐತಿ. ಮಾರಿದವ ಫಾರ್ಮ್ 29, 30ಕ್ಕ ಸಹಿ ಹಾಕಿ ಹೆಸರು ಖಾಲಿ ಬಿಟ್ಟು ಕೊಟ್ಟಿರ್ತಾನ. ಅದೇ ಹಾಳಿ ಮ್ಯಾಲ ಗಾಡಿ ಮೂರ್ನಾಕು ಕೈ ತಿರಗಿರ್ತೈತಿ, ಆರ್‌ಸಿಯಾಗ ಮಾತ್ರ ಮೊದಲಿನವನ ಹೆಸರೇ. ಇದರಾಗ ಮಾರಿದವಗೂ ಗಂಡಾಂತರ ಐತಿ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಅನ್ನೋ ಪ್ರಕರಣದಾಗ ಹಿಂಗ ಕೈಯಿಂದ ಕೈಗೆ ಹೋದ ಗಾಡಿ ಅಪಘಾತ ಮಾಡಿತ್ತು. ಪರಿಹಾರ ಕೊಡಬೇಕಾದವ ದಾಖಲ್ಯಾಗ ಹೆಸರಿರೋ ಮಾಲಕನೇ ಅಂತ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಾಗ ಹೇಳೈತಿ. 2023ರ ಏಪ್ರಿಲ್‌ನಿಂದ ಹಳೀ ಗಾಡಿ ವ್ಯಾಪಾರ ಮಾಡೋರು ಆರ್‌ಟಿಓದಿಂದ ಅಧಿಕಾರ ಪತ್ರ ತಗೋಬೇಕು, ಗಾಡಿ ತಮ್ಮ ಕೈಗೆ ಬಂದದ್ದು ತಿಳಿಸಬೇಕು ಅಂತ ನಿಯಮನೂ ಬಂದೈತಿ. ಅದಕ್ಕ ಮಾರೋ ಮನಷ್ಯಾ ಮತ್ತ ಆರ್‌ಸಿಯಾಗಿನ ಹೆಸರು ಬ್ಯಾರೆ ಬ್ಯಾರೆ ಇದ್ರ ಸುಮ್ನ ಬಿಡಬ್ಯಾಡ್ರಿ, ಹೆಸರಿರೋ ಮಾಲಕನ್ನ ಕರಸ್ರಿ ಅನ್ರಿ.

ನಮ್ಮ ಕಡಿ ಇನ್ನೊಂದು ಚಟ ಐತಿ, ಹೈದರಾಬಾದಿನ ಗಾಡಿ. ಸೋವಿ ಸಿಗ್ತಾವ. ಎಪಿ, ಟಿಎಸ್, ಈಗ ಟಿಜಿ ನಂಬರಿನವು ರಾಯಚೂರಿನ್ಯಾಗ ದಂಡಿ ಓಡಾಡ್ತಾವ. ಹನ್ನೆರಡು ತಿಂಗಳ ಮ್ಯಾಲ ಇಲ್ಲೇ ಇಟ್ಕೊಂಡ್ರ ಎನ್‌ಓಸಿ ತಂದು ಇಲ್ಲಿ ನಂಬರ್ ಮಾಡಿಸಬೇಕು, ಲೈಫ್ ಟ್ಯಾಕ್ಸ್ ಕಟ್ಟಬೇಕು, ಅಷ್ಟೊತ್ತಿಗೆ ಸೋವಿ ಏನೂ ಉಳದಿರಂಗಿಲ್ಲ. ಆ ರೊಕ್ಕ ಹೋಗ್ಲಿ. 2020ರ ಅಕ್ಟೋಬರ್‌ನ್ಯಾಗ ಹೈದರಾಬಾದಿನ್ಯಾಗ ಮಳಿ ಹೊಡದು ಓಣಿ ಓಣಿ ಮುಳುಗಿದ್ದು ಎಲ್ಲರೂ ಟಿವ್ಯಾಗ ನೋಡೀವಿ, ಕಾರು ದೋಣಿಯಂಗ ತೇಲಿದ್ವು. ಅದಕ್ಕ ಮೊದಲು ಹುಟ್ಟಿದ ಆ ಊರಿನ ಗಾಡಿ ಬಂದ್ರ 2020, 21ರ ಪಾಲಿಸಿ ಮತ್ತ ಸರ್ವಿಸಿನ ಹಾಳಿ ತೋರಸ್ರಿ ಅಂತ ಕೇಳೋದು ನಮ್ಮ ಹಕ್ಕು. ಇಲ್ಲ ಅಂದ್ರ ಸೀಟ್ ಬೆಲ್ಟ್ ಪೂರ್ತಿ ಹೊರಗ ಎಳದು ತುದಿ ನೋಡ್ರಿ. ಕೆಸರಿನ ಕಲಿ ಅಲ್ಲಿ ಉಳದಿರ್ತೈತಿ, ಸೀಟ್ ಕವರ್ ಬದಲಿ ಮಾಡಿದವಗ ಬೆಲ್ಟ್ ನೆನಪಿರಂಗಿಲ್ಲ.

ಹಳದಿ ಬೋರ್ಡಿನ ಗಾಡಿ ಅಂದ್ರ ನಮ್ಮವರು ಮೂಗು ಮುರೀತಾರ. ನಾ ಅಷ್ಟು ಮುರಿಯಂಗಿಲ್ಲ. ಟ್ಯಾಕ್ಸಿಗಾದ್ರೂ ಎಫ್‌ಸಿ ಅಂತ ಐತಿ: ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮ್ಯಾಲ ವರ್ಷಕ್ಕೊಮ್ಮೆ. ಬ್ರೇಕು, ಸ್ಟೇರಿಂಗು, ಲೈಟು, ಹಾರ್ನು, ವೈಪರು, ಗಾಜು ನೋಡ್ತಾರ. ಎಂಜಿನ್ ಎಷ್ಟು ಬಾಳಿಕಿ ಬರ್ತೈತಿ ಅಂತ ಅದರಾಗ ಬರಂಗಿಲ್ಲ, ಎಫ್‌ಸಿ ದಿನ ಚಲೋ ಟೈರು ಹಾಕಿ ಮರುದಿನ ಬಿಚ್ಚೋ ಜಾಣರೂ ಅದಾರ. ಆದ್ರ ತಾರೀಖು ಸುಳ್ಳು ಹೇಳಂಗಿಲ್ಲ. ಒಂದು ಎಫ್‌ಸಿ ಮುಗದು ಮುಂದಿನದು ಏಳು ತಿಂಗಳು ತಡಾ ಆಗಿತ್ತಂದ್ರ, ಆ ಏಳು ತಿಂಗಳು ಗಾಡಿ ಎಲ್ಲಿತ್ತು? ಗುದ್ದಿ ಗ್ಯಾರೇಜಿನ್ಯಾಗಿತ್ತಾ, ಕಂತು ಕಟ್ಟದ ಫೈನಾನ್ಸ್‌ದವರು ಒಯ್ದಿದ್ರಾ? ಹಾಳ್ಯಾಗ ಬರದದ್ದಕ್ಕಿಂತ ಬರೀದ ಖಾಲಿ ಜಾಗ ಹೆಚ್ಚಿಗಿ ಮಾತಾಡ್ತೈತಿ.

ಎರಡನೇ ಗಾಡಿ ಸಿಕ್ಕದ್ದು ದೇವದುರ್ಗದಾಗ. ಒಬ್ಬ ಮಾಸ್ತರದು, 2015ರದ್ದು. ಮೀಟರು 1,12,000. ತಮ್ಮ ಅದನ್ನ ಕೇಳಿ ಗಾಡಿಯಿಂದ ಇಳಿಯಾಕೇ ತಯಾರಿದ್ದಿಲ್ಲ. ಎಡಗಡಿ ಬಾಗಲಕ್ಕ ಗೀರು, ಹಿಂದಿನ ಬಂಪರ್ ಬಣ್ಣ ಮಾಸಿತ್ತು. ಮಾಸ್ತರ್ರು ಚಾ ಕೊಟ್ಟು ಒಳಗಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದ ಇಟ್ರು, ಸೀರಿ ಅಂಗಡಿ ಚೀಲ. ಅದರಾಗ ಹತ್ತು ವರ್ಷ ಇತ್ತು.

ಮೊದಲ ಮೂರು ವರ್ಷ ರಾಯಚೂರಿನ ಕಂಪನಿ ಸರ್ವಿಸಿನ ಜಾಬ್ ಕಾರ್ಡ್, ಪ್ರತಿಯೊಂದರ ಮ್ಯಾಲ ಕಿಲೋಮೀಟರು. ಆಮ್ಯಾಲ ದೇವದುರ್ಗದ ಮಿಸ್ತ್ರಿದು ನೋಟ್‌ಬುಕ್ಕಿನ ಹಾಳಿ ಹರದು ಬರದ ಚೀಟಿ. 71 ಸಾವಿರಕ್ಕ ಕ್ಲಚ್ ಪ್ಲೇಟ್. ಮುಂದಿನ ಗಾಲಿ ಬುಷ್ ಎರಡು ಸಲ, ಅವರು ದಿನಾ ಹಳ್ಳಿ ಸಾಲಿಗೆ ಹೋಗೋ ರೋಡು ಹಂಗೈತಂತ. 2022ರ ಮೇ ತಿಂಗಳಾಗ ರೇಡಿಯೇಟರ್. ನಮ್ಮ ಬ್ಯಾಸಿಗಿಗೆ ರೇಡಿಯೇಟರ್ ಹೋಗದಿದ್ರ ಆಶ್ಚರ್ಯ ಪಡಬೇಕು. ಮುಂದಿನ ಬಂಪರ್ ಮತ್ತ ಒಂದು ಹೆಡ್‌ಲೈಟ್ ಕ್ಲೇಮ್, ಎಮ್ಮಿ ಅಡ್ಡ ಬಂದಿತ್ತು ಅಂತ ಅವರ ಬಾಯಿಲೆ ಹೇಳಿದ್ರು, ಸರ್ವೇಯರ್ ಪಟ್ಟ್ಯಾಗೂ ಅಷ್ಟೇ ಇತ್ತು. 2020ರ ಮಾರ್ಚಿನಿಂದ ಒಂದು ವರ್ಷದ ಹತ್ರ ಚೀಟಿ ಒಂದೂ ಇದ್ದಿಲ್ಲ. "ಇದು ಯಾಕ್ರಿ ಮಾಸ್ತರ?" ಅಂದೆ. "ಸಾಲಿ ಬಂದ್ ಇದ್ವಲ್ರಿ ತಾಯಿ, ಗಾಡಿ ಮನಿ ಮುಂದ ನಿಂತಿತ್ತು. ಮೀಟರ್ ನೋಡ್ರಿ" ಅಂದ್ರು. ಹಿಂದಿನ ಚೀಟಿಗೂ ಮುಂದಿನ ಚೀಟಿಗೂ ಎರಡೇ ಸಾವಿರ ಅಂತರ. ಖಾಲಿ ಜಾಗಕ್ಕ ಹಿಂಗ ಉತ್ತರ ಸಿಕ್ಕ್ರ ಸಾಕು.

ಅಲ್ಲಿಂದ ಆ ಮಿಸ್ತ್ರಿ ಹತ್ರ ಹೋದ್ವಿ. ಮಾನ್ವಿ, ದೇವದುರ್ಗದಂಥ ಊರಾಗ ಕಂಪ್ಯೂಟರ್‌ಕಿಂತ ಮಿಸ್ತ್ರಿ ತಲಿ ದೊಡ್ಡ ದಾಖಲಿ. ನಂಬರ್ ಹೇಳಿದ ಕೂಡ್ಲೇ "ಮಾಸ್ತರ ಗಾಡಿ ಏನ್ರಿ? ಎಣ್ಣಿ ಬದಲಿ ಮಾಡಾಕ ಒಂದಿನ ತಪ್ಪಿಸಿಲ್ಲ, ಸಣ್ಣ ಸಪ್ಪಳಕ್ಕೂ ಬಂದು ಜೀವ ತಿಂತಾರ" ಅಂದ. ಎರಡು ಲಕ್ಷ ತೊಂಬತ್ತು ಸಾವಿರಕ್ಕ ಆತು. ಮಾಸ್ತರ್ರೇ ತಮ್ಮನ ಜೋಡಿ ಬಂದು ಹೆಸರು ಬದಲಿ ಮಾಡಿಸಿ ಕೊಟ್ರು.

ಎಲ್ಲರಿಗೂ ಹಿಂಗ ಚೀಲ ಇಡೋ ಮಾಸ್ತರ ಸಿಗಂಗಿಲ್ಲ. ನನ್ನ ತಕರಾರು ಸರ್ಕಾರದ ಜೋಡಿ ಇರೋದು ಇಲ್ಲೇ. ಹೊಗಿ ತಪಾಸಣಿಗೆ ಗಾಡಿ ಹೆಂಗೂ ಹೋಗ್ತೈತಿ, ಬಿಎಸ್-4 ಮತ್ತ ಅದರ ಮುಂದಿನವು ವರ್ಷಕ್ಕೊಮ್ಮೆ. ಅಲ್ಲಿ ನಂಬರ್ ಪ್ಲೇಟ್ ಫೋಟೋ ಹೊಡೀತಾರ, ಮೀಟರಿನ ಫೋಟೋ ಹೊಡಿಯಾಕ ಎಷ್ಟೊತ್ತು ಬೇಕು? ಆ ಒಂದು ಅಂಕಿ ವರ್ಷ ವರ್ಷ ಜಮಾ ಮಾಡಿ, ನಂಬರ್ ಹಾಕಿದವರಿಗೆ ಕಾಣೂವಂಗ ಇಟ್ರ, ಮೀಟರು ತಿರಗಿಸೋ ದಂಧೆ ಎರಡು ವರ್ಷದಾಗ ನಿಲ್ತೈತಿ. ಮಾಲಕನ ಹೆಸರು ಬ್ಯಾಡ, ವಿಳಾಸ ಬ್ಯಾಡ, ತಾರೀಖು ಮತ್ತ ಕಿಲೋಮೀಟರ್ ಸಾಕು. ಎತ್ತಿನ ಹಲ್ಲು ಸಂತ್ಯಾಗ ಎಲ್ಲರಿಗೂ ಕಾಣ್ತಾವ. ಲಕ್ಷ ಲಕ್ಷ ಕೊಟ್ಟು ತಗೊಳ್ಳೋ ಗಾಡಿ ಹಲ್ಲು ಯಾಕ ಮುಚ್ಚಿಡಬೇಕು?

ಗಾಡಿ ಬಂದು ಐದು ತಿಂಗಳಾತು. ಅಪ್ಪ ಮುಂದಿನ ಸೀಟಿನ್ಯಾಗ ಕುಂದರ್ತಾನ, ಬಲಗೈಲೆ ತಾನೇ ಬೆಲ್ಟ್ ಎಳಕೊಂತಾನ, ಹಾಕಾಕ ಮಾತ್ರ ತಮ್ಮ ಬೇಕು. ಒಂದಿನಾನೂ ನಿಂತಿಲ್ಲ. ಆದ್ರ ಮೊನ್ನಿ ಏಸಿ ಕಂಪ್ರೆಸರ್ ಹೋತು, ಹದಿನಾಕು ಸಾವಿರ ಹಿಡೀತು. ತಮ್ಮ ರಾಯಚೂರಿಗೆ ಬಂದಾಗ, "ಅಕ್ಕ, ನಿನ್ನ ಹಾಳ್ಯಾಗ ಇದು ಬರದಿದ್ದಿಲ್ಲಲ್ಲ" ಅಂದ. ಬರದಿದ್ದಿಲ್ಲ, ಖರೇ. ಬಿಲ್ಲು ಅವನ ಅಂಗಿ ಕಿಸೇದಾಗ ಮುದ್ದಿ ಆಗಿ ಕುಂತಿತ್ತು. ಇಸಗೊಂಡು, ಮ್ಯಾಲ 1,17,400 ಅಂತ ಬರದು, ಅದೇ ಸೀರಿ ಅಂಗಡಿ ಚೀಲದಾಗ ಹಾಕಿ ಕೊಟ್ಟೀನಿ.